ಸಂವೇದನೆ–ಗ್ರಹಿಕೆ ಪೇಪರ್: ಕಣ್ಣಿನ ಚಿತ್ರ ಬಿಡಿಸುವ ಮೊದಲು ಮಾಡಬೇಕಾದ ಕೆಲಸ

ಪದವಿಯಲ್ಲಿ ಮನಶ್ಶಾಸ್ತ್ರ ಆಯ್ದುಕೊಳ್ಳುವವರು ಹೆಚ್ಚಾಗಿ ಬರುವುದು ಕನಸು, ವ್ಯಕ್ತಿತ್ವ, ಖಿನ್ನತೆ, ಕೌನ್ಸೆಲಿಂಗ್ ಇಂಥವುಗಳ ಆಸೆಯಿಂದ. ಸೇರಿದ ಮೇಲೆ ಕೈಗೆ ಸಿಗುವುದು ಕಣ್ಣುಗುಡ್ಡೆಯ ಸೀಳುಚಿತ್ರ, ಕಿವಿಯೊಳಗಿನ ಮೂರು ಪುಟ್ಟ ಮೂಳೆ, ಲಾಗರಿದಮ್ ಇರುವ ಒಂದು ಸೂತ್ರ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರಿಗಂತೂ ‘ಬಿಟ್ಟೆ ಅಂದುಕೊಂಡ ಬಯಾಲಜಿ ಮತ್ತೆ ಬಂತಲ್ಲ’ ಅನ್ನಿಸುತ್ತದೆ. ಆಗ ಬಹುತೇಕರು ಮಾಡುವುದು ಒಂದೇ: ಚಿತ್ರ ಬಿಡಿಸಿ, ಭಾಗಗಳ ಹೆಸರು ಬಾಯಿಪಾಠ ಮಾಡಿ, ಐದು ಅಂಕದ ಟಿಪ್ಪಣಿಗಳನ್ನು ಉರು ಹೊಡೆಯುವುದು. ಪಾಸಾಗಲು ಅಷ್ಟು ಸಾಕು. ಆದರೆ ಈ ಪೇಪರಿನ ಅರ್ಧ ಭಾಗ, ಅದರಲ್ಲೂ ರುಚಿಯಾದ ಅರ್ಧ, ಹಾಗೆಯೇ ಉಳಿದುಬಿಡುತ್ತದೆ.

ನನ್ನ ಸಲಹೆ ಓದುವ ಕ್ರಮವನ್ನೇ ತಿರುವಿಹಾಕಿ ಎಂಬುದು. ಮೊದಲು ನಿಮ್ಮ ಕಣ್ಣು, ಕಿವಿ, ಕೈಗಳ ಮೇಲೆ ಪ್ರಯೋಗ ಮಾಡಿ, ಬಂದ ಫಲಿತಾಂಶ ವಿಚಿತ್ರ ಅನ್ನಿಸಲಿ, ‘ಇದು ಹೀಗೇಕೆ?’ ಎಂಬ ಪ್ರಶ್ನೆ ಹುಟ್ಟಿದ ಮೇಲೆ ಅಂಗರಚನೆಯ ಚಿತ್ರಕ್ಕೆ ಬನ್ನಿ. ಆಗ ರೆಟಿನಾದ ಪದರಗಳು ನಿಮ್ಮ ಪ್ರಶ್ನೆಗೆ ಉತ್ತರವಾಗಿ ಬರುತ್ತವೆ, ನೆನಪಿನಲ್ಲೂ ಉಳಿಯುತ್ತವೆ. ಕೆಳಗಿನದೆಲ್ಲ ಒಂದು ಸೆಮಿಸ್ಟರ್‌ನಲ್ಲಿ ಮಾಡಬಹುದಾದದ್ದು. ಖರ್ಚು ಏನೂ ಇಲ್ಲ ಎನ್ನಬಹುದು. ಬೇಕಿರುವುದು ತಾಳ್ಮೆ ಇರುವ ಒಬ್ಬ ಗೆಳೆಯ ಅಥವಾ ಗೆಳತಿ.

ಮೊದಲ ಹೆಜ್ಜೆ: ಒಂದು ಬಿಳಿ ಹಾಳೆ, ಒಂದು ಪೆನ್ನು

ಹಾಳೆಯ ಎಡಭಾಗದಲ್ಲಿ ಒಂದು ಕೂಡು ಚಿಹ್ನೆ ಹಾಕಿ. ಅದರ ಬಲಕ್ಕೆ ಸುಮಾರು 8 ಸೆಂ.ಮೀ. ದೂರದಲ್ಲಿ ಒಂದು ಸೆಂ.ಮೀ. ಅಗಲದ ಕಪ್ಪು ಚುಕ್ಕೆ ಇಡಿ. ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಕೂಡು ಚಿಹ್ನೆಯನ್ನೇ ನೋಡುತ್ತಾ ಹಾಳೆಯನ್ನು ಮುಖದಿಂದ 30 ಸೆಂ.ಮೀ. ಆಸುಪಾಸಿನಲ್ಲಿ ಹಿಂದೆ ಮುಂದೆ ಸರಿಸಿ. ಒಂದು ದೂರದಲ್ಲಿ ಚುಕ್ಕೆ ಮಾಯವಾಗುತ್ತದೆ. ಇದು ಅಂಧಬಿಂದು, ದೃಷ್ಟಿನರ ಕಣ್ಣಿನಿಂದ ಹೊರಗೆ ಹೋಗುವ ಜಾಗ. ಅಲ್ಲಿ ಬೆಳಕು ಹಿಡಿಯುವ ಕೋಶಗಳೇ ಇಲ್ಲ.

ಬಹಳಷ್ಟು ಮಂದಿ ಇಲ್ಲಿಗೇ ನಿಲ್ಲಿಸುತ್ತಾರೆ. ನೀವು ಇನ್ನೊಂದು ಕೆಲಸ ಮಾಡಿ: ಚುಕ್ಕೆಯ ಮೇಲಿನಿಂದ ಕೆಳಕ್ಕೆ, ಅದರ ಮಧ್ಯದಲ್ಲೇ ಹಾಯುವಂತೆ ಉದ್ದನೆಯ ಗೆರೆ ಎಳೆದು ಮತ್ತೆ ನೋಡಿ. ಚುಕ್ಕೆ ಮಾಯವಾದಾಗ ಗೆರೆ ತುಂಡಾಗಿ ಕಾಣುವುದಿಲ್ಲ, ಅಖಂಡವಾಗಿ ಕಾಣುತ್ತದೆ. ಆ ಜಾಗದಿಂದ ಯಾವ ಮಾಹಿತಿಯೂ ಹೋಗಿಲ್ಲ, ಆದರೂ ಅಲ್ಲಿ ಗೆರೆ ಇದೆ ಎಂದು ನಿಮಗೆ ಕಾಣುತ್ತಿದೆ. ಸಂವೇದನೆ ಎಂದರೇನು, ಗ್ರಹಿಕೆ ಎಂದರೇನು ಎಂಬ ಎರಡು ಅಂಕದ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಈಗ ನೋಟ್‌ಬುಕ್ಕಿನಲ್ಲಿ ಎರಡು ಕಾಲಂ ಮಾಡಿಕೊಳ್ಳಿ. ಎಡಕ್ಕೆ ‘ಇಂದ್ರಿಯಕ್ಕೆ ಬಂದದ್ದು’, ಬಲಕ್ಕೆ ‘ಮಿದುಳು ಸೇರಿಸಿದ್ದು ಅಥವಾ ಬಿಟ್ಟಿದ್ದು’. ಇಡೀ ಸೆಮಿಸ್ಟರ್ ಪ್ರತಿ ಪಾಠಕ್ಕೂ ಈ ಎರಡು ಕಾಲಂ ತುಂಬಿ. ಕೆಲವು ವಿಷಯ ಎರಡರ ನಡುವೆ ಸಿಕ್ಕಿಹಾಕಿಕೊಳ್ಳುತ್ತದೆ, ಯಾವ ಕಡೆ ಹಾಕುವುದೆಂದು ತಿಳಿಯುವುದಿಲ್ಲ. ಅವುಗಳ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿಡಿ. ತರಗತಿಯಲ್ಲಿ ಕೇಳಬೇಕಾದ ಪ್ರಶ್ನೆಗಳು ಅವೇ.

ಎರಡನೆಯದು: ಅಳತೆ ಕಲಿಯಿರಿ, ಇಲ್ಲಿ ಆತುರ ಬೇಡ

ಸೈಕೋಫಿಸಿಕ್ಸ್ (ಹೊರಗಿನ ಪ್ರಚೋದನೆ ನಮಗೆ ಎಷ್ಟು ಅನ್ನಿಸುತ್ತದೆ ಎಂದು ಅಳೆಯುವ ಶಾಖೆ) ಅಧ್ಯಾಯವನ್ನು ಎಲ್ಲರೂ ಹಾರಿಸಿ ಓದುತ್ತಾರೆ, ಏಕೆಂದರೆ ಅದರಲ್ಲಿ ಗಣಿತವಿದೆ. ನನ್ನ ಮಟ್ಟಿಗೆ ಈ ಪೇಪರಿನ ಬೆನ್ನೆಲುಬು ಅದೇ. ಇದಾದ ಮೇಲೆ ಬರುವ ಪ್ರತಿ ಅಧ್ಯಾಯದಲ್ಲೂ ಥ್ರೆಶೋಲ್ಡ್, ಅಂದರೆ ನಮಗೆ ಗೊತ್ತಾಗಲು ಬೇಕಾದ ಕನಿಷ್ಠ ಪ್ರಮಾಣ, ಎಂಬ ಮಾತು ಬಂದೇ ಬರುತ್ತದೆ. ಒಂದು ವಾರ ಪೂರ್ತಿ ಇದಕ್ಕೆ ಕೊಡಿ.

ಹಿನ್ನೆಲೆ ಇಷ್ಟು. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಅರ್ನ್ಸ್ಟ್ ವೇಬರ್ ಭಾರ ಎತ್ತಿಸಿ, ಚರ್ಮ ಮುಟ್ಟಿ ನಡೆಸಿದ ಪ್ರಯೋಗಗಳಲ್ಲಿ ಒಂದು ಸಂಗತಿ ಕಂಡುಕೊಂಡ: ಎರಡು ಭಾರಗಳ ನಡುವಿನ ವ್ಯತ್ಯಾಸ ನಮಗೆ ಗೊತ್ತಾಗುವುದು ಇಷ್ಟು ಗ್ರಾಂ ಎಂಬ ಲೆಕ್ಕದಲ್ಲಿ ಇರುವುದಿಲ್ಲ, ಮೂಲ ಭಾರದ ಇಂತಿಷ್ಟು ಪಾಲು ಎಂಬ ಲೆಕ್ಕದಲ್ಲಿ ಇರುತ್ತದೆ. ಅದೇ ಊರಿನ ಗುಸ್ತಾವ್ ಫೆಕ್ನರ್ ಇದರಿಂದ ಮನಸ್ಸನ್ನೂ ಅಳೆಯಬಹುದು ಎಂಬ ಯೋಚನೆಗೆ ಬಂದ. 1850ರ ಅಕ್ಟೋಬರ್ 22ರ ಬೆಳಿಗ್ಗೆ ಹಾಸಿಗೆಯಲ್ಲೇ ಇದು ಹೊಳೆಯಿತೆಂದು ಅವನೇ ಬರೆದಿಟ್ಟ. 1860ರಲ್ಲಿ ಪುಸ್ತಕ ಬಂತು. ಆ ತಾರೀಖನ್ನು ಈಗಲೂ ಫೆಕ್ನರ್ ದಿನ ಎಂದು ಆಚರಿಸುವವರಿದ್ದಾರೆ. ಇದೇ ಫೆಕ್ನರ್ ಬಣ್ಣದ ಗಾಜಿನ ಮೂಲಕ ಸೂರ್ಯನನ್ನು ನೋಡಿ ನೋಡಿ ಕಣ್ಣು ಕೆಡಿಸಿಕೊಂಡು ವರ್ಷಗಟ್ಟಲೆ ಕತ್ತಲ ಕೋಣೆಯಲ್ಲಿದ್ದವನು. ಪ್ರಯೋಗ ಮಾಡಿ ಎಂದೆನಲ್ಲ, ಸೂರ್ಯನ ಕಡೆ ಮಾತ್ರ ಹೋಗಬೇಡಿ.

ಈಗ ನೀವು ಮಾಡುವುದು. ಒಂದೇ ಅಳತೆಯ ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದು ಮಿ.ಲೀ. ನೀರು ಒಂದು ಗ್ರಾಂ ತೂಗುತ್ತದೆ, ಆದ್ದರಿಂದ ಔಷಧಿ ಅಳೆಯುವ ಮುಚ್ಚಳವೇ ನಿಮ್ಮ ತಕ್ಕಡಿ. ಒಂದರಲ್ಲಿ 500 ಮಿ.ಲೀ.; ಇದು ಸ್ಟ್ಯಾಂಡರ್ಡ್. ಉಳಿದವುಗಳಲ್ಲಿ 440, 460, 480, 520, 540, 560. ನೀರಿನ ಮಟ್ಟ ಕಾಣದಂತೆ ಹಳೆಯ ಪೇಪರ್ ಸುತ್ತಿ, ಬುಡದಲ್ಲಿ ಗುರುತು ಬರೆದಿಡಿ. ಗೆಳೆಯ ಕಣ್ಣು ಮುಚ್ಚಿ ಒಂದೇ ಕೈಯಲ್ಲಿ ಮೊದಲು ಸ್ಟ್ಯಾಂಡರ್ಡ್, ಆಮೇಲೆ ಇನ್ನೊಂದು ಎತ್ತಲಿ. ‘ಹೆಚ್ಚು’ ಅಥವಾ ‘ಕಡಿಮೆ’ ಎಂದಷ್ಟೇ ಹೇಳಲಿ. ‘ಗೊತ್ತಾಗುತ್ತಿಲ್ಲ’ ಎನ್ನುವುದಕ್ಕೆ ಅವಕಾಶವಿಲ್ಲ. ಪ್ರತಿ ಬಾಟಲಿ 20 ಸಲ, ಕ್ರಮ ಕಲಸಿ. ಕೈ ಸೋತರೆ ನಿಲ್ಲಿಸಿ, ಮರುದಿನ ಮುಂದುವರಿಸಿ.

ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ಭಾರ, ಉದ್ದಕ್ಕೆ ‘ಹೆಚ್ಚು’ ಎಂದ ಶೇಕಡಾವಾರು ಹಾಕಿ. ಗೆರೆ ಕೆಳಗಿನಿಂದ ಮೇಲಕ್ಕೆ ಬಾಗುತ್ತಾ ಏರುತ್ತದೆ. ಶೇ. 50ರ ಮಟ್ಟದಲ್ಲಿ ಸಿಗುವ ಭಾರ ಅವನಿಗೆ ‘ಸಮ’ ಅನ್ನಿಸಿದ ಬಿಂದು. ಶೇ. 75ರ ಮಟ್ಟದ ಭಾರದಿಂದ ಅದನ್ನು ಕಳೆದರೆ ವ್ಯತ್ಯಾಸದ ಥ್ರೆಶೋಲ್ಡ್. ಉದಾಹರಣೆಗೆ ಇದು 25 ಗ್ರಾಂ ಬಂತೆನ್ನಿ. 25 ಭಾಗಿಸು 500, ಅಂದರೆ 0.05. ಭಾರ ಎತ್ತುವುದಕ್ಕೆ ಪಠ್ಯಪುಸ್ತಕಗಳು ಸಾಮಾನ್ಯವಾಗಿ 0.02 ಎಂದು ಕೊಡುತ್ತವೆ. ನಿಮ್ಮದು ಹೆಚ್ಚು ಬಂದರೆ ಗಾಬರಿಯಾಗಿ ತಿದ್ದಬೇಡಿ. ಬಾಟಲಿಯ ನೀರು ಕುಲುಕುತ್ತದೆ, ಅಭ್ಯಾಸವಿರುವುದಿಲ್ಲ, ಸಲಗಳು ಕಡಿಮೆ. ಈ ಕಾರಣಗಳನ್ನು ಬರೆಯಲು ಬರುವುದೇ ಒಂದು ಅಂಕ.

ನಿಜವಾದ ಪರೀಕ್ಷೆ ಮುಂದಿದೆ. ದೊಡ್ಡ ಬಾಟಲಿಗಳಲ್ಲಿ ಒಂದು ಲೀಟರ್ ನೀರನ್ನು ಸ್ಟ್ಯಾಂಡರ್ಡ್ ಮಾಡಿಕೊಂಡು, ಹೆಚ್ಚು ಕಡಿಮೆಗಳನ್ನೂ ಇಮ್ಮಡಿ ಮಾಡಿ ಇದನ್ನೇ ಮತ್ತೆ ಮಾಡಿ. ಥ್ರೆಶೋಲ್ಡ್ ಸುಮಾರು ಎರಡು ಪಟ್ಟಾಗಬೇಕು, ಪಾಲು ಮಾತ್ರ ಹೆಚ್ಚುಕಡಿಮೆ ಅಷ್ಟೇ ಇರಬೇಕು. ಬಂದರೆ ವೇಬರ್ ನಿಯಮ ನಿಮ್ಮ ಅಂಗೈಯಲ್ಲೇ ಇದೆ. ಅಳತೆಯ ತೀರಾ ಕೆಳತುದಿಯಲ್ಲೂ ತೀರಾ ಮೇಲ್ತುದಿಯಲ್ಲೂ ಈ ನಿಯಮ ನಿಲ್ಲುವುದಿಲ್ಲ ಎಂಬುದನ್ನು ಉತ್ತರದಲ್ಲಿ ಒಂದು ಸಾಲು ಸೇರಿಸಿ. ಫೆಕ್ನರ್‌ನ ಲಾಗ್ ನಿಯಮವನ್ನು (ಪ್ರಚೋದನೆ ಪಟ್ಟು ಪಟ್ಟಾಗಿ ಏರಿದರೆ ಅನುಭವ ಸಮ ಮೆಟ್ಟಿಲುಗಳಲ್ಲಿ ಏರುತ್ತದೆ ಎಂಬುದು) ಸ್ಟೀವನ್ಸ್ 1957ರಲ್ಲಿ ಪ್ರಶ್ನಿಸಿದ್ದೂ ಇಲ್ಲಿಯೇ ಬರುತ್ತದೆ. ಗೆರೆಯ ಉದ್ದ ಎರಡು ಪಟ್ಟಾದರೆ ನಮಗೂ ಸುಮಾರು ಎರಡು ಪಟ್ಟೇ ಅನ್ನಿಸುತ್ತದೆ. ಬೆಳಕು ಎರಡು ಪಟ್ಟಾದರೆ ಅಷ್ಟು ಅನ್ನಿಸುವುದಿಲ್ಲ. ವಿದ್ಯುತ್ ಶಾಕ್ ಎರಡು ಪಟ್ಟಾದರೆ ಎರಡಕ್ಕಿಂತ ಎಷ್ಟೋ ಹೆಚ್ಚು ಅನ್ನಿಸುತ್ತದೆ. ಎಲ್ಲ ಇಂದ್ರಿಯಕ್ಕೂ ಒಂದೇ ಲಾಗ್ ಸಾಲದು ಎಂಬುದು ಅವನ ವಾದ. ಮೂರು ಗ್ರಾಫ್ ಗೆರೆಗಳನ್ನು ಒಂದೇ ಚಿತ್ರದಲ್ಲಿ ಬಿಡಿಸಿದರೆ ಒಂದು ಪುಟದ ವಿವರಣೆ ಉಳಿಯುತ್ತದೆ.

ಮೂರನೆಯದು: ‘ಕೇಳಿಸಿತು’ ಎಂದವನನ್ನು ಎಷ್ಟು ನಂಬಬೇಕು?

ಸಿಗ್ನಲ್ ಡಿಟೆಕ್ಷನ್ ಸಿದ್ಧಾಂತ ಎಂದ ಕೂಡಲೇ ಪುಟ ತಿರುವಬೇಡಿ. ಅದರ ಪ್ರಶ್ನೆ ತೀರಾ ದಿನಬಳಕೆಯದು. ನೀರು ಕಾಯಿಸಲು ಇಟ್ಟು ನಲ್ಲಿ ಬಿಟ್ಟುಕೊಂಡು ಪಾತ್ರೆ ತೊಳೆಯುವಾಗ ಫೋನ್ ರಿಂಗಾದಂತೆ ಅನ್ನಿಸುತ್ತದೆ. ಕೆಲಸದ ಇಂಟರ್‌ವ್ಯೂ ಕರೆ ಬರಬೇಕಿರುವ ದಿನ ಇದು ಹೆಚ್ಚು. ಆ ದಿನ ಕಿವಿ ಚುರುಕಾಯಿತೋ, ಅಥವಾ ‘ಹೌದು’ ಎನ್ನಲು ಮನಸ್ಸು ತುದಿಗಾಲಲ್ಲಿ ನಿಂತಿತೋ?

ಇದನ್ನು ಬಿಡಿಸಲು ನಾಲ್ಕು ಮನೆಯ ಕೋಷ್ಟಕ ಬೇಕು: ಸದ್ದು ಇತ್ತು, ಹೌದು ಎಂದ; ಇತ್ತು, ಇಲ್ಲ ಎಂದ; ಇರಲಿಲ್ಲ, ಹೌದು ಎಂದ; ಇರಲಿಲ್ಲ, ಇಲ್ಲ ಎಂದ. ಕ್ರಮವಾಗಿ ಹಿಟ್, ಮಿಸ್, ಫಾಲ್ಸ್ ಅಲಾರ್ಮ್, ಕರೆಕ್ಟ್ ರಿಜೆಕ್ಷನ್. ಒಂದು ಕಲ್ಪಿತ ಲೆಕ್ಕ ಮಾಡೋಣ. ಮೆಲ್ಲನೆಯ ಬೀಪ್ ಇರುವ 50 ಸಲ, ಇಲ್ಲದ 50 ಸಲ. ಒಬ್ಬಳು 42 ಹಿಟ್, 8 ಫಾಲ್ಸ್ ಅಲಾರ್ಮ್. ಇನ್ನೊಬ್ಬ 49 ಹಿಟ್, 26 ಫಾಲ್ಸ್ ಅಲಾರ್ಮ್. ಹಿಟ್ ಮಾತ್ರ ನೋಡಿದರೆ ಅವನ ಕಿವಿಯೇ ಚುರುಕು ಎಂದುಬಿಡುತ್ತೇವೆ. ಶೇಕಡಾವಾರನ್ನು ಜೆಡ್ ಮೌಲ್ಯಕ್ಕೆ ಬದಲಿಸುವ ಸಂಖ್ಯಾಶಾಸ್ತ್ರದ ಜೆಡ್ ಕೋಷ್ಟಕ ತೆಗೆಯಿರಿ. ಅವಳದು ಶೇ. 84 ಮತ್ತು ಶೇ. 16, ಜೆಡ್ ಮೌಲ್ಯ 0.99 ಮತ್ತು ಮೈನಸ್ 0.99, ಒಂದರಿಂದ ಇನ್ನೊಂದನ್ನು ಕಳೆದರೆ 1.98. ಅವನದು ಶೇ. 98 ಮತ್ತು ಶೇ. 52, ಜೆಡ್ 2.05 ಮತ್ತು 0.05, ಕಳೆದರೆ 2.00. ಇದೇ ಡಿ-ಪ್ರೈಮ್, ಅಂದರೆ ಸೂಕ್ಷ್ಮತೆ. ಇಬ್ಬರ ಕಿವಿಯೂ ಒಂದೇ! ಅವನು ‘ಹೌದು’ ಎನ್ನುವುದರಲ್ಲಿ ಧಾರಾಳಿ, ಅಷ್ಟೇ. ಗ್ರೀನ್ ಮತ್ತು ಸ್ವೆಟ್ಸ್ 1966ರಲ್ಲಿ ಈ ವಿಧಾನವನ್ನು ಮನಶ್ಶಾಸ್ತ್ರಕ್ಕೆ ಗಟ್ಟಿಯಾಗಿ ತಂದ ಮೇಲೆ, ಥ್ರೆಶೋಲ್ಡ್ ಎಂಬುದೊಂದು ಖಚಿತ ಗಡಿ ಎಂಬ ಹಳೆಯ ನಂಬಿಕೆ ಸಡಿಲವಾಯಿತು. ಎಕ್ಸ್‌ರೇ ನೋಡುವ ವೈದ್ಯರು, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಸ್ಕ್ಯಾನ್ ಮಾಡುವವರು, ಇವರ ಕೆಲಸವನ್ನೆಲ್ಲ ಇದೇ ಕೋಷ್ಟಕದಲ್ಲಿ ಇಡಬಹುದು. ಪರೀಕ್ಷೆಯಲ್ಲಿ ಉದಾಹರಣೆ ಕೇಳಿದರೆ ಇವುಗಳಲ್ಲಿ ಒಂದನ್ನು ನಾಲ್ಕು ಮನೆಗೂ ತುಂಬಿ ತೋರಿಸಿ.

ನಾಲ್ಕನೆಯದು: ಮುಲ್ಲರ್-ಲೈಯರ್ ಪ್ರಾಕ್ಟಿಕಲ್

ನಮ್ಮ ಡಿಗ್ರಿ ಕಾಲೇಜುಗಳ ಲ್ಯಾಬ್‌ನಲ್ಲಿ ಬೇರೇನಿಲ್ಲದಿದ್ದರೂ ಈ ಬೋರ್ಡ್ ಇರುತ್ತದೆ. ಒಂದು ಗೆರೆಯ ತುದಿಗಳಲ್ಲಿ ಒಳಮುಖದ ಬಾಣ, ಇನ್ನೊಂದಕ್ಕೆ ಹೊರಮುಖದ ಗರಿ. ಸಮ ಉದ್ದವಿದ್ದರೂ ಗರಿಯದ್ದು ಉದ್ದ ಕಾಣುತ್ತದೆ. ಫ್ರಾನ್ಜ್ ಮುಲ್ಲರ್-ಲೈಯರ್ ಇದನ್ನು ಪ್ರಕಟಿಸಿದ್ದು 1889ರಲ್ಲಿ. ಇಡೀ ಪ್ರಯೋಗದ ಉದ್ದೇಶ ‘ಭ್ರಮೆ ಇದೆ’ ಎಂದು ತೋರಿಸುವುದು ಎಂದು ರೆಕಾರ್ಡ್‌ನಲ್ಲಿ ಬರೆಯುವವರೇ ಹೆಚ್ಚು. ಭ್ರಮೆ ಇದೆಯೆಂದು ನೋಡಿದರೇ ಗೊತ್ತಾಗುತ್ತದೆ. ಎಷ್ಟಿದೆ ಎಂದು ಅಳೆಯುವುದು ಇಲ್ಲಿನ ಕೆಲಸ.

ಸ್ಟ್ಯಾಂಡರ್ಡ್ ಗೆರೆ 15 ಸೆಂ.ಮೀ. ಎಂದುಕೊಳ್ಳಿ. ನಿಮ್ಮ ಸಬ್ಜೆಕ್ಟ್ (ಪ್ರಯೋಗಕ್ಕೆ ಕುಳಿತವರು) ಗರಿಯ ಗೆರೆಯನ್ನು ಸರಿಸಿ ‘ಈಗ ಸಮ’ ಎಂದು ನಿಲ್ಲಿಸಬೇಕು. ಅರ್ಧ ಸಲ ಉದ್ದದಿಂದ ಒಳಕ್ಕೆ, ಅರ್ಧ ಸಲ ಗಿಡ್ಡದಿಂದ ಹೊರಕ್ಕೆ; ಅದರಲ್ಲೂ ಅರ್ಧ ಬಲಕ್ಕಿಟ್ಟು, ಅರ್ಧ ಎಡಕ್ಕಿಟ್ಟು. ಇಷ್ಟೊಂದು ಏಕೆ ಎಂದು ವೈವಾದಲ್ಲಿ ಕೇಳುತ್ತಾರೆ. ಉದ್ದದಿಂದ ಒಳಕ್ಕೆ ತರುವಾಗ ಜನ ಬೇಗ ನಿಲ್ಲಿಸುವ ಸಾಧ್ಯತೆ ಇದೆ, ಸರಾಸರಿ 13.1 ಬಂತೆನ್ನಿ, ಗಿಡ್ಡದಿಂದ ಹೊರಕ್ಕೆ ತರುವಾಗ 12.1. ಈ ಒಂದು ಸೆಂ.ಮೀ. ಅಂತರ ಚಲನೆಯ ದಿಕ್ಕಿನಿಂದ ಬಂದ ದೋಷ. ಎರಡನ್ನೂ ಸೇರಿಸಿ ಸರಾಸರಿ ತೆಗೆದಾಗ ಆ ದೋಷಗಳು ಒಂದನ್ನೊಂದು ಹೊಡೆದುಹಾಕಿ 12.6 ಉಳಿಯುತ್ತದೆ. ಇದು ಸಮ ಅನ್ನಿಸಿದ ಬಿಂದು. ಇದರಿಂದ 15 ಕಳೆಯಿರಿ: ಮೈನಸ್ 2.4 ಸೆಂ.ಮೀ., ಅಂದರೆ ಶೇ. 16 ಭ್ರಮೆ. ಎಡ-ಬಲದ ದೋಷವನ್ನೂ ಹೀಗೇ ಬೇರೆಯಾಗಿ ತೆಗೆಯಬೇಕು.

ರೆಕಾರ್ಡ್‌ನ ಚರ್ಚೆ ಭಾಗದಲ್ಲಿ ಎರಡು ಪ್ಯಾರಾ ಖರ್ಚು ಮಾಡಿ. ಒಂದು, ರಿಚರ್ಡ್ ಗ್ರೆಗರಿಯ ವಿವರಣೆ: ಗರಿ ಮತ್ತು ಬಾಣಗಳನ್ನು ಮಿದುಳು ಕೋಣೆಯ ಒಳಮೂಲೆ, ಕಟ್ಟಡದ ಹೊರಮೂಲೆ ಎಂದು ಓದಿಕೊಂಡು ದೂರದ ಲೆಕ್ಕ ಸೇರಿಸಿಬಿಡುತ್ತದೆ. ಎರಡು, 1960ರ ದಶಕದಲ್ಲಿ ಸೆಗಾಲ್, ಕ್ಯಾಂಬೆಲ್, ಹರ್ಸ್ಕೊವಿಟ್ಸ್ ಹಲವು ಸಮಾಜಗಳಲ್ಲಿ ನಡೆಸಿದ ಅಧ್ಯಯನ: ಅಮೆರಿಕದ ನಗರವಾಸಿಗಳಿಗೆ ಭ್ರಮೆ ಹೆಚ್ಚು, ಕಲಹರಿಯ ಸ್ಯಾನ್ ಜನರಿಗೆ ಬಹಳ ಕಡಿಮೆ. ಎರಡೂ ಒಂದಕ್ಕೊಂದು ಒತ್ತಾಸೆಯಾಗಿ ಕಾಣುತ್ತವೆ. ಆದರೆ ಗರಿಗಳ ಬದಲು ವೃತ್ತಗಳನ್ನು ಇಟ್ಟರೂ ಭ್ರಮೆ ಬರುತ್ತದೆ, ಅಲ್ಲಿ ಗೋಡೆಯ ಮೂಲೆ ಎಲ್ಲಿದೆ? ಈ ಆಕ್ಷೇಪವನ್ನೂ ಬರೆಯಿರಿ. ಒಂದೇ ವಿವರಣೆಯನ್ನು ಕೊನೆಯ ಮಾತೆಂದು ಒಪ್ಪಿಸುವ ರೆಕಾರ್ಡ್‌ಗಿಂತ, ತಕರಾರನ್ನೂ ಸೇರಿಸಿದ ರೆಕಾರ್ಡ್ ನನಗೆ ಹೆಚ್ಚು ಇಷ್ಟ.

ಐದನೆಯದು: ಈಗ ಕಣ್ಣಿನ ಚಿತ್ರಕ್ಕೆ ಬನ್ನಿ

ಮೂರು ಅನುಭವ ಮಾಡಿಕೊಂಡು ಬನ್ನಿ. ಸಂಜೆ ಬೆಳಕು ಕರಗುವ ಹೊತ್ತಿನಲ್ಲಿ ಕೆಂಪು ದಾಸವಾಳದ ಗಿಡ ನೋಡಿ. ಹಗಲಲ್ಲಿ ಎದ್ದು ಕಾಣುತ್ತಿದ್ದ ಹೂವು ಕಪ್ಪಾಗುತ್ತದೆ, ಎಲೆ ಮಾತ್ರ ಹೂವಿಗಿಂತ ಬೆಳ್ಳಗೆ ಉಳಿಯುತ್ತದೆ. ಎರಡನೆಯದು: ರಾತ್ರಿ ದೀಪ ಉರಿಯುವಾಗಲೇ ಒಂದು ಕಣ್ಣನ್ನು ಅಂಗೈಯಿಂದ ಕಾಲುಗಂಟೆ ಮುಚ್ಚಿಟ್ಟು, ಆಮೇಲೆ ದೀಪ ಆರಿಸಿ ಒಂದೊಂದೇ ಕಣ್ಣಿನಿಂದ ಕೋಣೆ ನೋಡಿ. ಮೂರನೆಯದು: ನಮ್ಮ ಅರಿಶಿನ-ಕುಂಕುಮ ಬಣ್ಣದ ಕನ್ನಡ ಬಾವುಟದ ಚಿತ್ರವನ್ನು ಮೊಬೈಲ್ ಪರದೆಯಲ್ಲಿ ಇಟ್ಟುಕೊಂಡು, ಎರಡು ಬಣ್ಣ ಸೇರುವ ಮಧ್ಯಬಿಂದುವನ್ನು ಕಣ್ಣು ಕದಲಿಸದೆ 30 ಸೆಕೆಂಡ್ ನೋಡಿ, ತಟ್ಟನೆ ಬಿಳಿ ಗೋಡೆ ನೋಡಿ. ಮೇಲೆ ನೀಲಿ, ಕೆಳಗೆ ಹಸಿರು-ನೀಲಿ ಕಾಣುತ್ತದೆ.

ಇನ್ನು ಚಿತ್ರ. ರೆಟಿನಾದಲ್ಲಿ ಮಂದ ಬೆಳಕಿಗೆ ದುಡಿಯುವ ದಂಡಕೋಶಗಳು ಸುಮಾರು 12 ಕೋಟಿ, ಹಗಲು ಬೆಳಕಿಗೂ ಬಣ್ಣಕ್ಕೂ ದುಡಿಯುವ ಶಂಕುಕೋಶಗಳು ಸುಮಾರು 60 ಲಕ್ಷ ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ದೃಷ್ಟಿನರದಲ್ಲಿ ಇರುವ ಎಳೆಗಳು ಸುಮಾರು 10 ಲಕ್ಷ. ಹನ್ನೆರಡು ಕೋಟಿಗೂ ಹೆಚ್ಚು ಕೋಶಗಳ ಸುದ್ದಿ ಹತ್ತು ಲಕ್ಷ ಎಳೆಗಳಲ್ಲಿ ಹೋಗಬೇಕೆಂದರೆ ರೆಟಿನಾದಲ್ಲೇ ಸುದ್ದಿಯನ್ನು ಅಡಕ ಮಾಡುವ ಕೆಲಸ ನಡೆಯಲೇಬೇಕು. ಈ ಒಂದು ಲೆಕ್ಕ ತಲೆಯಲ್ಲಿದ್ದರೆ ಗ್ಯಾಂಗ್ಲಿಯನ್ ಕೋಶ (ದೃಷ್ಟಿನರದ ಎಳೆ ಹೊರಡುವ ಕೋಶ), ರಿಸೆಪ್ಟಿವ್ ಫೀಲ್ಡ್ (ಒಂದು ಕೋಶ ಸ್ಪಂದಿಸುವ ರೆಟಿನಾದ ಜಾಗ) ಇವೆಲ್ಲ ಏಕೆ ಬೇಕೆಂದು ತಾನಾಗಿ ಅರ್ಥವಾಗುತ್ತದೆ. ದಂಡಕೋಶಕ್ಕೆ 500 ನ್ಯಾನೋಮೀಟರ್ ಸಮೀಪದ ನೀಲಿ-ಹಸಿರು ಬೆಳಕು ಚೆನ್ನಾಗಿ ತಾಗುತ್ತದೆ, ಕಡುಗೆಂಪು ತಾಗುವುದೇ ಇಲ್ಲ ಎನ್ನಬೇಕು. ದಾಸವಾಳ ಕಪ್ಪಾದದ್ದು ಅದಕ್ಕೆ. ಇದಕ್ಕೆ ಪುರ್ಕಿಂಜೆ ಪಲ್ಲಟ ಎಂದು ಹೆಸರು. ಕತ್ತಲಿಗೆ ಶಂಕುಕೋಶಗಳು ಹತ್ತು ನಿಮಿಷದೊಳಗೆ ಹೊಂದಿಕೊಂಡು ನಿಲ್ಲುತ್ತವೆ, ದಂಡಕೋಶಗಳಿಗೆ 20ರಿಂದ 30 ನಿಮಿಷ ಬೇಕು. ಕತ್ತಲಿಗೆ ಕಣ್ಣು ಹೊಂದಿಕೊಳ್ಳುವುದನ್ನು ತೋರಿಸುವ ಗ್ರಾಫಿನ ಮಧ್ಯದಲ್ಲಿ ಒಂದು ಮುರುವು ಬರುವುದು ಇದೇ ಕಾರಣಕ್ಕೆ. ಮುರುವಿಲ್ಲದೆ ಬಿಡಿಸಿದರೆ ಅಂಕ ಹೋಗುತ್ತದೆ.

ಬಣ್ಣದ ಎರಡು ಸಿದ್ಧಾಂತಗಳಲ್ಲಿ ಯಾವುದು ಸರಿ ಎಂಬ ಪ್ರಶ್ನೆಗೆ ಯಾವುದಾದರೂ ಒಂದರ ಪಕ್ಷ ವಹಿಸಬೇಡಿ. ಮೂರು ಬಗೆಯ ಗ್ರಾಹಕಗಳಿಂದ ಎಲ್ಲ ಬಣ್ಣ ಎಂದು ಯಂಗ್ ಮತ್ತು ಹೆಲ್ಮ್‌ಹೋಲ್ಟ್ಜ್ ಹೇಳಿದ್ದು ಶಂಕುಕೋಶಗಳ ಮಟ್ಟದಲ್ಲಿ ಸರಿ. ಹೆರಿಂಗ್ ಹೇಳಿದ ಹಳದಿ-ನೀಲಿ, ಕೆಂಪು-ಹಸಿರು ಜೋಡಿ ಅದರ ಮುಂದಿನ ನರಕೋಶಗಳ ಮಟ್ಟದಲ್ಲಿ ಸರಿ. ಬಾವುಟ ನೋಡಿದ ಮೇಲೆ ಗೋಡೆಯಲ್ಲಿ ಕಂಡ ಬಣ್ಣಗಳು ನಿಮಗೆ ತೋರಿಸಿದ್ದು ಎರಡನೆಯದನ್ನು. ಹ್ಯೂಬೆಲ್ ಮತ್ತು ವೀಸೆಲ್ ಅವರ ಭಾಗ ಓದುವಾಗ ಒಂದು ತಮಾಷೆ ನೆನಪಿರಲಿ: ಬೆಕ್ಕಿನ ಮಿದುಳಿನ ಕೋಶವೊಂದು ಚುಕ್ಕೆಗಳಿಗೆ ಜಪ್ಪಯ್ಯ ಎಂದರೂ ಸ್ಪಂದಿಸದೆ, ಗಾಜಿನ ಸ್ಲೈಡ್ ಬದಲಿಸುವಾಗ ಅದರ ಅಂಚಿನ ನೆರಳಿಗೆ ಪಟಪಟನೆ ಸ್ಪಂದಿಸಿತು. ಕೋಶಕ್ಕೆ ಬೇಕಿದ್ದದ್ದು ಒಂದು ನಿರ್ದಿಷ್ಟ ಓರೆಯ ಗೆರೆ. 1981ರಲ್ಲಿ ಅವರಿಬ್ಬರಿಗೆ ನೊಬೆಲ್ ಬಂತು.

ಆರನೆಯದು: ಕಿವಿಗೆ ಫೋನೇ ಲ್ಯಾಬ್

ಗಂಡಸರ ಮಾತಿನ ಮೂಲ ಆವರ್ತನ ಸಾಮಾನ್ಯವಾಗಿ 100–120 ಹರ್ಟ್ಸ್ ಆಸುಪಾಸು. ಹಳೆಯ ಟೆಲಿಫೋನ್ ಲೈನ್ ಸಾಗಿಸುತ್ತಿದ್ದದ್ದು 300ರಿಂದ 3400 ಹರ್ಟ್ಸ್ ಮಾತ್ರ. ಅಂದರೆ ಅಪ್ಪನ ದನಿಯ ಬುಡವೇ ತಂತಿಯಲ್ಲಿ ಬರುತ್ತಿರಲಿಲ್ಲ. ಆದರೂ ದಪ್ಪ ದನಿ ದಪ್ಪವಾಗಿಯೇ ಕೇಳಿಸುತ್ತಿತ್ತು. ಮೂಲ ಆವರ್ತನದ ಮೂರು, ನಾಲ್ಕು ಪಟ್ಟು ಇರುವ ಮೇಲಿನ ಆವರ್ತನಗಳನ್ನು ಹಿಡಿದು ಇಲ್ಲದ ಬುಡವನ್ನು ಶ್ರವಣ ವ್ಯವಸ್ಥೆ ಕಟ್ಟಿಕೊಂಡಿತು. ನಿಮ್ಮ ಎರಡು ಕಾಲಂ ನೋಟ್‌ಬುಕ್ಕಿಗೆ ಇದಕ್ಕಿಂತ ಬೇಕೇ? ಕಾಕ್ಲಿಯಾದ (ಒಳಗಿವಿಯ ಸುರುಳಿಯಾಕಾರದ ಭಾಗದ) ಪೊರೆಯ ಯಾವ ಜಾಗ ಅಲುಗಿತು ಎಂಬುದರಿಂದಲೇ ಸ್ವರ ತಿಳಿಯುತ್ತದೆ ಎಂಬ ಸ್ಥಾನ ಸಿದ್ಧಾಂತಕ್ಕೆ ಇದು ತೊಡಕು ಒಡ್ಡುತ್ತದೆ. ಆ ಪೊರೆಯಲ್ಲಿ ಅಲೆ ಸಾಗುವುದನ್ನು ತೋರಿಸಿದ ಬೆಕೆಶಿಗೆ 1961ರಲ್ಲಿ ನೊಬೆಲ್ ಸಿಕ್ಕಿತ್ತು. ಅವನ ಕೆಲಸ ಸುಳ್ಳಾಗಲಿಲ್ಲ, ಆದರೆ ಅದೊಂದೇ ಸಾಲದೆಂದಾಯಿತು. ಸ್ಥಾನ ಮತ್ತು ಕಾಲ (ನರದ ಮಿಡಿತಗಳ ಸಮಯದಿಂದ ಸ್ವರ ತಿಳಿಯುತ್ತದೆ ಎನ್ನುವುದು) ಎರಡೂ ಸಿದ್ಧಾಂತಗಳನ್ನು ಹೋಲಿಸುವ ಪ್ರಶ್ನೆಗೆ ಈ ಫೋನ್ ಉದಾಹರಣೆಯಿಂದ ಶುರು ಮಾಡಿ.

ಕಣ್ಣು ಮುಚ್ಚಿ ಕುಳಿತು ಗೆಳತಿಗೆ ಬೀಗದ ಕೈ ಗೊಂಚಲು ಅಲ್ಲಾಡಿಸಲು ಹೇಳಿ. ಎಡ ಬಲ ತಪ್ಪುವುದಿಲ್ಲ. ಮೂಗಿನ ನೇರಕ್ಕೆ ಮುಂದೆ, ಇಲ್ಲವೇ ತಲೆಯ ಹಿಂದೆ ಅಲ್ಲಾಡಿಸಿದರೆ ಆಗಾಗ ಮುಂದು ಹಿಂದು ಅದಲುಬದಲಾಗುತ್ತದೆ, ಏಕೆಂದರೆ ಎರಡೂ ಕಿವಿಗೆ ಸದ್ದು ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ತಲುಪುತ್ತದೆ.

ಮಾತಿನ ಗ್ರಹಿಕೆಯಲ್ಲಿ ಕನ್ನಡದವರಿಗೆ ಒಂದು ಸ್ವಂತ ಉದಾಹರಣೆಯಿದೆ. ತ ಮತ್ತು ಟ ನಮಗೆ ಬೇರೆ ಬೇರೆ. ಇಂಗ್ಲಿಷ್ ಮಾತ್ರ ಬಲ್ಲ ದೊಡ್ಡವರಿಗೆ ಈ ವ್ಯತ್ಯಾಸ ಹಿಡಿಯುವುದು ಕಷ್ಟ. ಹಿಂದಿಯಲ್ಲೂ ಇರುವ ಇದೇ ವ್ಯತ್ಯಾಸ ಇಟ್ಟುಕೊಂಡು ವರ್ಕರ್ ಮತ್ತು ಟೀಸ್ 1984ರಲ್ಲಿ ತೋರಿಸಿದ್ದು: ಇಂಗ್ಲಿಷ್ ಮನೆಯ 6–8 ತಿಂಗಳ ಕೂಸುಗಳು ಇದನ್ನು ಗುರುತಿಸುತ್ತವೆ, 10–12 ತಿಂಗಳ ಹೊತ್ತಿಗೆ ಆ ಶಕ್ತಿ ಇಳಿದುಹೋಗಿರುತ್ತದೆ. ಕಿವಿ ಕೆಟ್ಟಿಲ್ಲ, ಗ್ರಹಿಕೆ ಮನೆಮಾತಿಗೆ ಒಗ್ಗಿದೆ. ಮೆಕ್‌ಗರ್ಕ್ ಪರಿಣಾಮವನ್ನೂ ಇದರ ಜೊತೆ ಓದಿ: ಕಿವಿಗೆ ‘ಬ’, ಕಣ್ಣಿಗೆ ‘ಗ’ ಎನ್ನುವ ತುಟಿ, ಕೇಳಿಸುವುದು ‘ಡ’ದಂಥ ಇನ್ನೊಂದು ಸದ್ದು. 1976ರ ಪ್ರಯೋಗ. ಮೊಬೈಲ್‌ನಲ್ಲಿ ವಿಡಿಯೋ ಎಡಿಟ್ ಮಾಡಬಲ್ಲವರು ಒಂದು ಸಂಜೆಯಲ್ಲಿ ಇದನ್ನು ತಯಾರಿಸಿಕೊಂಡು ಸೆಮಿನಾರಿನಲ್ಲಿ ತೋರಿಸಬಹುದು.

ಅಂದಹಾಗೆ, ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಶುರುವಾದ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿ ಅವರೇ 1935ರಲ್ಲಿ ಮೈಸೂರಿನಲ್ಲಿ ‘ಆಕಾಶವಾಣಿ’ ಹೆಸರಿನ ಬಾನುಲಿ ಕೇಂದ್ರ ಶುರು ಮಾಡಿದವರು. ಪರೀಕ್ಷೆಗೆ ಬರುವುದಿಲ್ಲ, ತಿಳಿದಿರಲಿ ಎಂದೆ.

ಏಳನೆಯದು: ಉಳಿದ ಇಂದ್ರಿಯಗಳು ಒಂದು ವಾರದಲ್ಲಿ

ಸ್ಪರ್ಶಕ್ಕೆ ಎರಡು ಬಿಂದುಗಳ ಥ್ರೆಶೋಲ್ಡ್ ಸಾಕು. ಜ್ಯಾಮಿಟ್ರಿ ಬಾಕ್ಸಿನ ಡಿವೈಡರ್ ಚೂಪಾಗಿರುತ್ತದೆ, ಬೇಡ. ಎರಡು ಬೆಂಕಿಕಡ್ಡಿಗಳ ಹಿಂಬದಿ ಬಳಸಿ. ಬೆರಳ ತುದಿಯಲ್ಲಿ ಕೆಲವೇ ಮಿ.ಮೀ. ಅಂತರವೂ ಎರಡೆಂದು ತಿಳಿಯುತ್ತದೆ, ಬೆನ್ನಿನಲ್ಲಿ 4 ಸೆಂ.ಮೀ. ಆಸುಪಾಸು ಬೇಕಾಗುತ್ತದೆ. ಮಿದುಳಿನಲ್ಲಿ ಯಾವ ಅಂಗಕ್ಕೆ ಎಷ್ಟು ಜಾಗವಿದೆ ಎಂದು ತೋರಿಸುವ ಪೆನ್‌ಫೀಲ್ಡ್‌ನ ದೊಡ್ಡ ತುಟಿ, ದೊಡ್ಡ ಕೈಯ ಮನುಷ್ಯಾಕೃತಿಯನ್ನು ಇದರ ಪಕ್ಕದಲ್ಲೇ ಬರೆದುಕೊಳ್ಳಿ. ನೋವಿಗೆ ಮೆಲ್ಜಾಕ್ ಮತ್ತು ವಾಲ್ 1965ರಲ್ಲಿ ಹೇಳಿದ ಗೇಟ್ ಸಿದ್ಧಾಂತ ಓದಿ: ನೋವಿನ ಸುದ್ದಿಯನ್ನು ಬೆನ್ನುಹುರಿಯ ಒಂದು ‘ಬಾಗಿಲು’ ತಡೆಯಬಲ್ಲದು ಎಂಬುದು.

ರುಚಿಯಲ್ಲಿ ಎರಡು ಬಲೆಗಳಿವೆ. ನಾಲಿಗೆಯ ತುದಿ ಸಿಹಿಗೆ, ಹಿಂಭಾಗ ಕಹಿಗೆ ಎಂಬ ನಕ್ಷೆ ತಪ್ಪು, ಹಳೆಯ ಗೈಡ್‌ಗಳಲ್ಲಿ ಇನ್ನೂ ಇದೆ, ಬರೆಯಬೇಡಿ. ಇನ್ನೊಂದು ಖಾರ. ನಮ್ಮ ಷಡ್ರಸದ ಪಟ್ಟಿಯಲ್ಲಿ ಅದಕ್ಕೆ ಜಾಗವಿದೆ, ಪಠ್ಯದ ಐದು ಮೂಲ ರುಚಿಗಳಲ್ಲಿ ಇಲ್ಲ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಹಿಡಿಯುವುದು ಬಿಸಿ ಮತ್ತು ನೋವನ್ನು ತಿಳಿಸುವ ಗ್ರಾಹಕವನ್ನು. ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್‌ನಲ್ಲಿ ಪಾಲು ಸಿಕ್ಕಿತು. ವಾಸನೆಗೆ ಮೂಗು ಹಿಡಿದುಕೊಂಡು ಒಂದು ಚೂರು ಸೇಬು, ಒಂದು ಚೂರು ಹಸಿ ಆಲೂಗಡ್ಡೆ ತಿಂದು ನೋಡಿದರೆ ಆಯಿತು, ಯಾವುದು ಯಾವುದೆಂದು ಹೇಳುವುದು ಕಷ್ಟವಾಗುತ್ತದೆ.

ಎಂಟನೆಯದು: ಜಗಳಗಳನ್ನು ಓದಿ

ಬಿಡಿ ಭಾಗಗಳನ್ನು ಮನಸ್ಸು ಒಂದು ಇಡಿಯಾಗಿ ಹೇಗೆ ಜೋಡಿಸಿಕೊಳ್ಳುತ್ತದೆ ಎಂದು ಹೇಳುವ ಗೆಸ್ಟಾಲ್ಟ್ ನಿಯಮಗಳಿಗೆ ಚುಕ್ಕಿ ರಂಗೋಲಿ ಬಿಟ್ಟು ಬೇರೆ ಚಿತ್ರ ಹುಡುಕುವ ಅಗತ್ಯವಿಲ್ಲ. ಸಾಮೀಪ್ಯ, ಸಾದೃಶ್ಯ, ನಿರಂತರತೆ, ಪೂರಣ ಎಲ್ಲವೂ ಅದರಲ್ಲೇ ಇವೆ. ಹಬ್ಬದ ಸೀರಿಯಲ್ ಲೈಟ್ ಓಡಿದಂತೆ ಕಾಣುವುದು ವರ್ತೈಮರ್ 1912ರಲ್ಲಿ ಬರೆದ ತೋರಿಕೆಯ ಚಲನೆಯ ಸರಣಿಗೆ ಸೇರಿದ್ದು.

ಇದಕ್ಕಿಂತ ಮುಖ್ಯ, ದೊಡ್ಡ ಪ್ರಶ್ನೆ. ಹೆಲ್ಮ್‌ಹೋಲ್ಟ್ಜ್ ಮತ್ತು ಗ್ರೆಗರಿ ಪ್ರಕಾರ ಗ್ರಹಿಕೆ ಎಂದರೆ ಮಿದುಳು ಮಾಡುವ ಊಹೆ. ಜೇಮ್ಸ್ ಗಿಬ್ಸನ್ ಒಪ್ಪಲಿಲ್ಲ: ಕುರ್ಚಿಯಲ್ಲಿ ಕೂರಿಸಿ, ತಲೆ ಕದಲದಂತೆ ಗದ್ದ ಊರಿಸಿ ಒಂದೇ ಕಣ್ಣಲ್ಲಿ ನೋಡಿಸಿದರೆ ಊಹೆ ಬೇಕಾಗುತ್ತದೆ, ನಡೆದಾಡುವ ಪ್ರಾಣಿಗೆ ಬೆಳಕಿನಲ್ಲೇ ಬೇಕಾದಷ್ಟು ಮಾಹಿತಿ ಇದೆ ಎಂಬುದು ಅವನ ವಾದದ ತಿರುಳು. ಈ ಜಗಳಕ್ಕೆ ನಮ್ಮ ದೇಶದಿಂದ ಬಂದ ಒಂದು ಸಾಕ್ಷ್ಯವನ್ನು ಉತ್ತರದಲ್ಲಿ ತನ್ನಿ. ಹುಟ್ಟು ಕುರುಡನಿಗೆ ದೃಷ್ಟಿ ಬಂದರೆ, ಮುಟ್ಟಿ ಗೊತ್ತಿದ್ದ ಗೋಲವನ್ನೂ ಘನವನ್ನೂ ನೋಡಿದೊಡನೆ ಗುರುತಿಸುವನೇ ಎಂದು 17ನೇ ಶತಮಾನದಲ್ಲಿ ಐರ್ಲೆಂಡಿನ ಚಿಂತಕ ಮೊಲಿನ್ಯೂ ಕೇಳಿದ್ದ. ಪವನ್ ಸಿನ್ಹಾ ಅವರ ಪ್ರಾಜೆಕ್ಟ್ ಪ್ರಕಾಶ್ ಮೂಲಕ ಭಾರತದಲ್ಲಿ ಶಸ್ತ್ರಚಿಕಿತ್ಸೆಯಾದ 8ರಿಂದ 17 ವಯಸ್ಸಿನ ಐವರು ಮಕ್ಕಳ ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ನೋಡಿದ ವಸ್ತುವನ್ನು ಮತ್ತೆ ನೋಡಿಯೇ ಗುರುತಿಸುವಾಗ ಸರಿ ಹೇಳಿದರು. ಮುಟ್ಟಿದ್ದನ್ನು ನೋಡಿ ಗುರುತಿಸುವುದು ಮೊದಲಿಗೆ ಆಗಲಿಲ್ಲ. ಕೆಲವು ದಿನಗಳಲ್ಲೇ ಸುಧಾರಿಸಿತು. ಇದು ಯಾರ ಪಕ್ಷಕ್ಕೆ ಬಲ ಕೊಡುತ್ತದೆ ಎಂದು ನೀವೇ ವಾದ ಮಾಡಿ ಬರೆಯಿರಿ. ಹತ್ತು ಅಂಕದ ಉತ್ತರಕ್ಕೆ ಜೀವ ಬರುವುದು ಅಲ್ಲಿ.

ಪರೀಕ್ಷೆಯ ಹಿಂದಿನ ವಾರ

ಹೊಸದಾಗಿ ಏನೂ ಓದಬೇಡಿ. ಪುಸ್ತಕ ಮುಚ್ಚಿ, ಖಾಲಿ ಹಾಳೆಯ ಮೇಲೆ ಬೆಳಕು ಕಾರ್ನಿಯಾದಿಂದ ಮಿದುಳಿನ ಹಿಂಭಾಗದವರೆಗೆ ಹೋಗುವ ದಾರಿ ಬರೆಯಿರಿ. ಬಿಟ್ಟುಹೋದದ್ದನ್ನು ಮಾತ್ರ ಪುಸ್ತಕದಲ್ಲಿ ನೋಡಿ. ಸದ್ದಿನ ದಾರಿಯನ್ನೂ ಹಾಗೆಯೇ. ಕನ್ನಡ ಮಾಧ್ಯಮದವರು ಪಾರಿಭಾಷಿಕ ಪದಗಳ ಇಂಗ್ಲಿಷ್ ರೂಪವನ್ನು ಸ್ಪೆಲ್ಲಿಂಗ್ ಸಮೇತ ಒಂದು ಪ್ರತ್ಯೇಕ ಹಾಳೆಯಲ್ಲಿ ಇಟ್ಟುಕೊಳ್ಳಿ. ಒಂದು ಪುಸ್ತಕದ ಕನ್ನಡ ಪದ ಇನ್ನೊಂದರಲ್ಲಿ ಇರುವುದಿಲ್ಲ, ಮೌಲ್ಯಮಾಪಕರಿಗೆ ಗೊಂದಲವಾಗಬಾರದು.

ಪ್ರಾಕ್ಟಿಕಲ್ ದಿನಕ್ಕೆ ಕ್ಯಾಲ್ಕುಲೇಟರ್, ಸ್ಕೇಲ್, ಗ್ರಾಫ್ ಹಾಳೆ, ಎರಡು ಪೆನ್ಸಿಲ್. ಸಬ್ಜೆಕ್ಟ್‌ಗೆ ಕೊಡುವ ಸೂಚನೆಯನ್ನು ಬಾಯಲ್ಲಿ ಹೇಳಿ ಅಭ್ಯಾಸ ಮಾಡಿರಿ, ‘ಇದು ಭ್ರಮೆಯ ಪ್ರಯೋಗ’ ಎಂದು ಮೊದಲೇ ಬಾಯಿಬಿಟ್ಟರೆ ಅವರು ಬೇಕೆಂದೇ ಸರಿಪಡಿಸಿಕೊಳ್ಳುತ್ತಾರೆ. ವೈವಾದಲ್ಲಿ ಎಕ್ಸ್‌ಟರ್ನಲ್ ಕೇಳುವ ಮೊದಲ ಪ್ರಶ್ನೆ ಬಹಳ ಸಲ ನಿಮ್ಮ ಕೋಷ್ಟಕದಿಂದಲೇ ಬರುತ್ತದೆ: ಈ ಮೈನಸ್ ಚಿಹ್ನೆ ಏನು ಹೇಳುತ್ತದೆ? ಸ್ಟ್ಯಾಂಡರ್ಡ್‌ಗಿಂತ ಗಿಡ್ಡ ಇದ್ದಾಗಲೇ ಸಮ ಅನ್ನಿಸಿತು, ಅಂದರೆ ಗರಿಯ ಗೆರೆ ಇದ್ದದ್ದಕ್ಕಿಂತ ಉದ್ದ ಕಂಡಿತು ಎಂದು ಹೇಳಿ, ಕೇಳದಿದ್ದರೂ ಶೇಕಡಾವಾರು ಸೇರಿಸಿ.